ಗ್ಯಾರಿ ಕೂಪರ್: ತೆರೆಯ ಮೇಲೊಂದು ನಡುಹಗಲು, ಹೊರಗೊಂದು

ದನಗಳ್ಳರ ಗುಂಪಿಗೆ ಸೇರಿಹೋದ ಜೀವದ ಗೆಳೆಯನನ್ನು ನಾಯಕ ತಾನೇ ಮುಂದೆ ನಿಂತು ನೇಣಿಗೇರಿಸಬೇಕಾದ ಸನ್ನಿವೇಶವೊಂದು 1929ರಲ್ಲಿ ತೆರೆಕಂಡ ‘ದಿ ವರ್ಜೀನಿಯನ್’ ಚಿತ್ರದಲ್ಲಿದೆ. ಕಾಯಿದೆಯ ಕೈ ತಲುಪದ ಆ ಬಯಲು ಸೀಮೆಯಲ್ಲಿ ದನ ಕದ್ದವನಿಗೆ ಬೇರೆ ಶಿಕ್ಷೆಯಿಲ್ಲ. ಗೆಳೆಯನೆಂದು ಬಿಟ್ಟುಬಿಟ್ಟರೆ ನಂಬಿದ ಒಡೆಯನಿಗೆ ದ್ರೋಹ. ವಿಕ್ಟರ್ ಫ್ಲೆಮಿಂಗ್ ನಿರ್ದೇಶಿಸಿದ ಈ ಚಿತ್ರದ ನಾಯಕ, ಇಪ್ಪತ್ತೆಂಟರ ಹರೆಯದ ಗ್ಯಾರಿ ಕೂಪರ್. ಸ್ನೇಹ ಮತ್ತು ಕರ್ತವ್ಯಗಳ ಇದೇ ಇಕ್ಕಟ್ಟು ಇಪ್ಪತ್ತೆರಡು ವರ್ಷಗಳ ತರುವಾಯ ತೆರೆಯಿಂದ ಕೆಳಗಿಳಿದು ಆತನ ಮನೆಬಾಗಿಲಿಗೇ ಬಂದು ನಿಂತಿತು.

ಕೂಪರ್ ಜನಿಸಿದ್ದು 1901ರ ಮೇ 7ರಂದು, ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾದಲ್ಲಿ. ಹೆತ್ತವರು ಇಟ್ಟ ಹೆಸರು ಫ್ರಾಂಕ್ ಜೇಮ್ಸ್. ಇಂಗ್ಲೆಂಡಿನಿಂದ ವಲಸೆ ಬಂದಿದ್ದ ತಂದೆ ಚಾರ್ಲ್ಸ್ ವಕೀಲರಾಗಿದ್ದು, ಮುಂದೆ ಮೊಂಟಾನಾ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದವರು. ಕುಟುಂಬಕ್ಕೆ ಸೇರಿದ ಜಾನುವಾರು ರ‍್ಯಾಂಚಿನಲ್ಲಿ ಹುಡುಗ ಕುದುರೆಯೇರಲು ಕಲಿತ. ಹದಿನೈದರ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ಸೊಂಟಕ್ಕೆ ಪೆಟ್ಟು ಬಿತ್ತು. ಚಿಕಿತ್ಸೆಯೆಂದು ಸೂಚಿಸಿದ ಕುದುರೆ ಸವಾರಿಯಿಂದ ನಡಿಗೆಗೆ ಬಿಗುವು, ಓರೆ ಎರಡೂ ಅಂಟಿಕೊಂಡವು. ಮುಂದೆ ಲಕ್ಷಾಂತರ ಪ್ರೇಕ್ಷಕರು ಅಪ್ಪಟ ಕೌಬಾಯ್ ನಡಿಗೆಯೆಂದು ಮೆಚ್ಚಿದ್ದು ಇದನ್ನೇ!

ತರುಣನಿಗೆ ನಟನಾಗುವ ಹಂಬಲವೇನೂ ಇರಲಿಲ್ಲ, ವ್ಯಂಗ್ಯಚಿತ್ರಕಾರನಾಗಬೇಕೆಂಬ ಕನಸಿತ್ತು. ಅಯೋವಾದ ಗ್ರಿನ್ನೆಲ್ ಕಾಲೇಜಿನಲ್ಲಿ ಚಿತ್ರಕಲೆ ಅಭ್ಯಸಿಸಿ, 1924ರಲ್ಲಿ ಲಾಸ್ ಏಂಜಲೀಸ್‌ಗೆ ಬಂದಾಗ ಆ ವಿದ್ಯೆ ಕೈಹಿಡಿಯಲಿಲ್ಲ. ದಿನಗೂಲಿಗೆ ಕುದುರೆಯಿಂದ ಬೀಳುವ ಕೆಲಸ ಸಿಕ್ಕಿತು. ಇಂಡಿಯಾನಾದ ಗ್ಯಾರಿ ಎಂಬ ಊರಿನ ಹೆಸರನ್ನು ಏಜೆಂಟ್ ಒಬ್ಬಾಕೆ ಆತನಿಗೆ ಅಂಟಿಸಿದಳು. ಮಾತು ಕಡಿಮೆ, ಅಭಿನಯ ಅದಕ್ಕಿಂತ ಕಡಿಮೆ ಎಂದು ಮೂದಲಿಸಿದವರೇ ತೆರೆಯ ಮೇಲೆ ಆತನನ್ನು ಕಂಡು ಬೆರಗಾದರು. 1941ರ ‘ಸಾರ್ಜೆಂಟ್ ಯಾರ್ಕ್’ ಚಿತ್ರಕ್ಕೆ ಮೊದಲ ಆಸ್ಕರ್ ದೊರೆಯಿತು.

ರಾಜಕೀಯವಾಗಿ ಕೂಪರ್ ಸಂಪ್ರದಾಯವಾದಿ. ಹಾಲಿವುಡ್ಡಿನ ಕಮ್ಯುನಿಸ್ಟ್ ವಿರೋಧಿ ಸಂಘಟನೆಯ ಸ್ಥಾಪಕ ಸದಸ್ಯರಲ್ಲೊಬ್ಬ. 1947ರ ಅಕ್ಟೋಬರಿನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯ ವಿಚಾರಣಾ ಸಮಿತಿಯ ಎದುರು ಸ್ನೇಹಪರ ಸಾಕ್ಷಿಯಾಗಿ ಹಾಜರಾದ. ಕಮ್ಯುನಿಸ್ಟ್ ವಾಸನೆಯ ಕಥೆಗಳನ್ನು ತಿರಸ್ಕರಿಸಿದ್ದುಂಟೆಂದ. ಆದರೆ ಯಾವೊಬ್ಬ ವ್ಯಕ್ತಿಯ ಹೆಸರನ್ನೂ ಹೇಳಲಿಲ್ಲ. ಇದು ಜಾಣತನವೋ ಸಂಕೋಚವೋ, ಅಂತೂ ಆತನ ಮಾತಿನಿಂದ ಯಾರ ಅನ್ನವೂ ಹೋಗಲಿಲ್ಲ.

1951ರಲ್ಲಿ ‘ಹೈ ನೂನ್’ ಚಿತ್ರೀಕರಣ ಆರಂಭವಾದಾಗ ಕೂಪರ್‌ಗೆ ಐವತ್ತು. ಹೊಟ್ಟೆಹುಣ್ಣು, ಸೊಂಟನೋವು, ಪತ್ನಿಯಿಂದ ಅಗಲಿಕೆ, ಸಾಲಾಗಿ ಸೋತ ಚಿತ್ರಗಳು. ಎಂದಿನ ಸಂಭಾವನೆಗಿಂತ ಬಹಳ ಕಡಿಮೆಗೆ ಒಪ್ಪಿಕೊಂಡ. ನಿರ್ದೇಶಕ ಫ್ರೆಡ್ ಝಿನ್ನೆಮನ್ ಆ ಮುಖದ ಸುಕ್ಕುಗಳನ್ನು ಮರೆಮಾಚದೆ ಹಾಗೆಯೇ ತೋರಿಸಿದರು. ಆಗಷ್ಟೇ ಮದುವೆಯಾದ ಮಾರ್ಷಲ್ ವಿಲ್ ಕೇನ್; ನಡುಹಗಲ ರೈಲಿನಲ್ಲಿ ಸೇಡಿಗಾಗಿ ಬರುತ್ತಿರುವ ಹಂತಕ. ನೆರವು ಬೇಡಿ ಕೇನ್ ಮನೆ ಮನೆಗೆ, ಇಗರ್ಜಿಗೆ, ಹೆಂಡದಂಗಡಿಗೆ ಅಲೆಯುತ್ತಾನೆ. ಒಬ್ಬ ಗೆಳೆಯ ಮನೆಯಲ್ಲಿದ್ದೂ ಇಲ್ಲವೆಂದು ಹೆಂಡತಿಯಿಂದ ಹೇಳಿಸುತ್ತಾನೆ.

ಈ ದೃಶ್ಯಗಳು ಬರಿಯ ಕಲ್ಪನೆಯಲ್ಲ. ಚಿತ್ರಕಥೆಗಾರ ಕಾರ್ಲ್ ಫೋರ್‌ಮನ್ ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದು ಹೊರಬಂದವರು. ಬರವಣಿಗೆ ಸಾಗುತ್ತಿರುವಾಗಲೇ ಅದೇ ಸಮಿತಿಯ ಸಮನ್ಸ್ ಬಂತು. ಪರಿಚಿತರು ದೂರ ಸರಿಯತೊಡಗಿದರು. ತಾವು ಕಂಡುಂಡದ್ದನ್ನು ಫೋರ್‌ಮನ್ ಚಿತ್ರಕಥೆಗೆ ಇಳಿಸಿದರು. ಸೆಪ್ಟೆಂಬರ್ 24ರಂದು ಸಮಿತಿಯ ಮುಂದೆ ಪರರ ಹೆಸರು ಹೇಳಲು ನಿರಾಕರಿಸಿದರು. ಗೆಳೆಯರೂ ವ್ಯಾಪಾರದ ಪಾಲುದಾರರೂ ಆಗಿದ್ದ ಸ್ಟ್ಯಾನ್ಲಿ ಕ್ರೇಮರ್ ಅವರೇ ಫೋರ್‌ಮನ್‌ರನ್ನು ಸಂಸ್ಥೆಯಿಂದ ಹೊರಗಿಡಲು ಮುಂದಾದರು. ಆಗ ಬರಹಗಾರನ ಬೆನ್ನಿಗೆ ನಿಂತವರಲ್ಲಿ ಝಿನ್ನೆಮನ್ ಒಬ್ಬರು. ಇನ್ನೊಬ್ಬ, ಯಾರೂ ನಿರೀಕ್ಷಿಸದ ಕೂಪರ್.

ಅಷ್ಟೇ ಅಲ್ಲ, ಫೋರ್‌ಮನ್ ಕಟ್ಟಹೊರಟ ಹೊಸ ಚಿತ್ರಸಂಸ್ಥೆಯಲ್ಲಿ ಹಣ ತೊಡಗಿಸುವುದಾಗಿಯೂ ಕೂಪರ್ ಘೋಷಿಸಿದ. ಹಾಲಿವುಡ್ ಕೆರಳಿತು. ಅಂಕಣಗಾರ್ತಿ ಹೆಡ್ಡಾ ಹಾಪರ್, ನಟ ಜಾನ್ ವೇನ್ ಮತ್ತು ಸ್ಟುಡಿಯೊ ಧಣಿಗಳು ಒತ್ತಡ ಹೇರಿದರು. ಬೇಟೆಗೆಂದು ಇಡಾಹೊಗೆ ತೆರಳಿದ್ದ ಕೂಪರ್ ಅಲ್ಲಿಂದಲೇ ಹಿಂದೆ ಸರಿದ. ಫೋರ್‌ಮನ್ ಮೇಲಿನ ವಿಶ್ವಾಸ ಮಾತ್ರ ಹಾಗೇ ಇದೆಯೆಂದ. ವಿಲ್ ಕೇನ್ ಹಿಂದೆ ಸರಿಯಲಿಲ್ಲ, ಆ ಪಾತ್ರ ಧರಿಸಿದವನು ಸರಿದ ಎಂದು ಹಂಗಿಸುವುದು ಸುಲಭ. ಆದರೆ ಹಾನಿಗೊಳಗಾದ ಫೋರ್‌ಮನ್ ಹಾಗೆ ಹಂಗಿಸಲಿಲ್ಲ. ದೊಡ್ಡವರೆನಿಸಿಕೊಂಡವರಲ್ಲಿ ನೆರವಿಗೆ ಯತ್ನಿಸಿದವನು ಆತನೊಬ್ಬನೇ ಎಂದು ಕಡೆಯವರೆಗೂ ಸ್ಮರಿಸಿದರು. ಇಂಗ್ಲೆಂಡಿಗೆ ತೆರಳಿದ ಅವರು ಕಪ್ಪುಪಟ್ಟಿಯ ನೆರಳಿನಲ್ಲಿ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಚಿತ್ರಕ್ಕೆ ದುಡಿದರು. ಆ ಚಿತ್ರಕಥೆಯ ಆಸ್ಕರ್ ಅವರ ಪಾಲಿಗೆ ಬಂದಿದ್ದು 1984ರಲ್ಲಿ ತೀರಿಕೊಂಡ ಮೇಲೆ.

1952ರಲ್ಲಿ ಬಿಡುಗಡೆಯಾದ ‘ಹೈ ನೂನ್’ ನಾಲ್ಕು ಆಸ್ಕರ್ ಗೆದ್ದಿತು. ಮರುವರ್ಷದ ಸಮಾರಂಭಕ್ಕೆ ಬರಲಾಗದ ಕೂಪರ್ ಪರವಾಗಿ ಶ್ರೇಷ್ಠ ನಟ ಪ್ರಶಸ್ತಿ ಸ್ವೀಕರಿಸಿದವನು ಮತ್ತಾರೂ ಅಲ್ಲ, ಜಾನ್ ವೇನ್! ಅದೇ ವೇನ್ 1971ರಲ್ಲಿ ಫೋರ್‌ಮನ್‌ರನ್ನು ದೇಶ ಬಿಡಿಸಿದ್ದಕ್ಕೆ ತನಗೆ ವಿಷಾದವಿಲ್ಲವೆಂದು ಹೇಳಿಕೊಂಡ.

ಕೂಪರ್ ಕುಟುಂಬದೊಡನೆ ಮತ್ತೆ ಒಂದಾದ. 1959ರಲ್ಲಿ ಕ್ಯಾಥೊಲಿಕ್ ಪಂಥ ಸ್ವೀಕರಿಸಿದ. 1961ರ ಏಪ್ರಿಲ್‌ನಲ್ಲಿ ಗೌರವ ಆಸ್ಕರ್ ಘೋಷಣೆಯಾದಾಗ, ಆತನ ಪರವಾಗಿ ವೇದಿಕೆಯೇರಿದ ಗೆಳೆಯ ಜೇಮ್ಸ್ ಸ್ಟೂವರ್ಟ್‌ನ ಕಂಠ ಬಿಗಿದು ಬಂತು. ಕ್ಯಾನ್ಸರ್ ಆಗಲೇ ಮೈಯೆಲ್ಲ ಹರಡಿತ್ತು. ಮೇ 13ರಂದು, ಅರವತ್ತು ತುಂಬಿದ ಆರನೆಯ ದಿನ, ಕೂಪರ್ ತೀರಿಕೊಂಡ.

ಕಮ್ಯುನಿಸ್ಟರ ಪರವೆಂದು ಕೆಲವರು ದೂರಿದ ಆ ಚಿತ್ರದ ನಾಯಕ 1989ರ ಜೂನ್ 4ರ ಚುನಾವಣೆಗೆ ಮುನ್ನ ಪೋಲೆಂಡಿನ ಗೋಡೆಗಳ ಮೇಲೆ ಕಾಣಿಸಿಕೊಂಡ. ಕಮ್ಯುನಿಸ್ಟ್ ಸರ್ಕಾರಕ್ಕೆ ಎದುರಾಗಿ ಕಣಕ್ಕಿಳಿದಿದ್ದ ಸಾಲಿಡಾರಿಟಿ ಸಂಘಟನೆಯ ಭಿತ್ತಿಪತ್ರವದು. ಮಾರ್ಷಲ್‌ನ ತಾರೆಯ ಬಿಲ್ಲೆಯ ಮೇಲ್ಗಡೆ ಸಾಲಿಡಾರಿಟಿಯ ಚಿಹ್ನೆ. ಕೈಯಲ್ಲಿ ಪಿಸ್ತೂಲಿಗೆ ಬದಲಾಗಿ ಮತಪತ್ರ.