ಮಾತಿಗೂ ರಾಗಕ್ಕೂ ಒಬ್ಬನೇ ಯಜಮಾನ: ಮೇಲುಕೋಟೆಯ ಪು.ತಿ.ನ.

ಹಾಡಿಗೆ ಸಾಹಿತ್ಯ ಮೊದಲಾ, ಟ್ಯೂನ್ ಮೊದಲಾ? ನಮ್ಮ ಕ್ಯಾಂಪಸ್ಸಿನ ಬ್ಯಾಂಡಿನವರನ್ನ ಕೇಳಿ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ರ‍್ಯಾಪ್ ಬರೆಯೋ ಹುಡುಗರಂತೂ ಬೀಟ್ ಕೇಳಿಸಿಕೊಳ್ಳದೆ ಒಂದು ಸಾಲೂ ಬರೆಯಲ್ಲ. ಮಾತು ಮತ್ತು ರಾಗ ಎರಡನ್ನೂ ಒಟ್ಟಿಗೇ ಹುಟ್ಟಿಸಬೇಕು ಅಂತ ಎಂಬತ್ತು ವರ್ಷಗಳ ಹಿಂದೆಯೇ ಹಟ ಹಿಡಿದ ಕವಿಯೊಬ್ಬರು ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದ್ದರು. ಅವರೇ ಪು.ತಿ.ನರಸಿಂಹಾಚಾರ್, ಎಲ್ಲರ ಬಾಯಲ್ಲಿ ಪು.ತಿ.ನ.

ಈ ಸೀಮೆಗೂ ಹಾಡಿಗೂ ಹಳೇ ನಂಟು. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಸಂಚಿ ಹೊನ್ನಮ್ಮ ಹಾಡಬಹುದಾದ ಸಾಂಗತ್ಯದಲ್ಲಿ ಕಾವ್ಯ ಬರೆದಳು. ಹೊಸ ಕವಿತೆಗೆ ಹೊಸ ಲಯ ತಂದ ಬಿ.ಎಂ.ಶ್ರೀಕಂಠಯ್ಯನವರದು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನ. 'ಮೈಸೂರು ಮಲ್ಲಿಗೆ'ಯ ಕೆ.ಎಸ್.ನರಸಿಂಹಸ್ವಾಮಿ ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯವರು. ಪಾಂಡವಪುರ ತಾಲ್ಲೂಕಿನ ಪಾಲಿಗೆ ಬಂದವರು ಮೇಲುಕೋಟೆಯ ಪು.ತಿ.ನ.

ಅವರು ಹುಟ್ಟಿದ್ದು 1905ರ ಮಾರ್ಚ್ 17ರಂದು, ಶ್ರೀವೈಷ್ಣವ ವೈದಿಕ ಮನೆತನದಲ್ಲಿ. ಚೆಲುವನಾರಾಯಣನ ಗುಡಿ, ಬೆಟ್ಟದ ಮೇಲಿನ ಯೋಗಾನರಸಿಂಹ, ಕಲ್ಯಾಣಿ, ವೈರಮುಡಿ ಉತ್ಸವ: ಇವುಗಳ ನಡುವೆ ಬೆಳೆದ ಹುಡುಗ. ಆ ಊರಲ್ಲಿ ಮಂತ್ರವಾಗಲಿ, ಆಳ್ವಾರರ ಪಾಶುರವಾಗಲಿ, ಮಾತು ಕಿವಿಗೆ ಬೀಳುವುದೇ ಸ್ವರದ ಜೊತೆಗೆ. ಮುಂದೆ ಮೈಸೂರಿನಲ್ಲಿ ಕಾಲೇಜು ಓದು. ಅಲ್ಲಿ ಇಂಗ್ಲಿಷ್ ಕಾವ್ಯವೂ ತತ್ತ್ವಶಾಸ್ತ್ರವೂ ತಲೆಗೆ ಹೊಕ್ಕವು.

ಓದು ಮುಗಿಸಿ ಸೇರಿದ್ದು ಎಲ್ಲಿಗೆ ಗೊತ್ತಾ? ಮೈಸೂರು ಸಂಸ್ಥಾನದ ಸೈನ್ಯ ಇಲಾಖೆಯ ಕಚೇರಿಗೆ! ಬಂದೂಕು ಹಿಡಿಯೋ ಕೆಲಸವಲ್ಲ, ಕಡತ ಹಿಡಿಯೋ ಕೆಲಸ. ವರ್ಷಗಟ್ಟಲೆ ಅದೇ ನಡೆಯಿತು. ಆಮೇಲೆ ಶಾಸನಸಭೆಯ ಕಲಾಪಗಳ ವರದಿ ತಿದ್ದುವ ಸಂಪಾದಕರಾದರು, ನಂತರ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟಿಗೆ ದುಡಿದರು. ಸಾಹಿತ್ಯದ ಮೇಷ್ಟರಾಗಿಯೋ ಸಂಗೀತದ ವಿದ್ವಾಂಸರಾಗಿಯೋ ಹೊಟ್ಟೆ ಹೊರೆದವರಲ್ಲ. ಬರೆದಿದ್ದೆಲ್ಲ ಕಚೇರಿಯಿಂದ ಮಿಕ್ಕ ಹೊತ್ತಿನಲ್ಲಿ.

1933ರಲ್ಲಿ ಮೊದಲ ಕವನ ಸಂಕಲನ 'ಹಣತೆ' ಬಂತು. ಒಳ್ಳೆಯ ಕವಿ ಅನ್ನಿಸಿಕೊಂಡರು. ಅಷ್ಟಕ್ಕೇ ನಿಂತಿದ್ದರೂ ಹೆಸರು ಉಳಿಯುತ್ತಿತ್ತು. ಆದರೆ ಅವರಿಗೆ ಬೇಕಿದ್ದದ್ದು ಬೇರೆ: ಇಡೀ ನಾಟಕವೇ ಹಾಡಾಗಬೇಕು. 1941ರಲ್ಲಿ 'ಅಹಲ್ಯೆ', 1945ರಲ್ಲಿ 'ಗೋಕುಲ ನಿರ್ಗಮನ'. ಕನ್ನಡದಲ್ಲಿ ಇವನ್ನ ಗೇಯನಾಟಕ ಅಂತಾರೆ.

ಇಲ್ಲಿರೋ ತೊಡಕನ್ನ ನಾವು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ಕಚೇರಿಯಲ್ಲಿ, ಅಂದರೆ ಸಂಗೀತದ ಕಚೇರಿಯಲ್ಲಿ, ಗಾಯಕ ಒಂದೇ ಸಾಲನ್ನ ಹತ್ತು ನಿಮಿಷ ಹಿಂಜಿ ಹಿಂಜಿ ಹಾಡಿದರೂ ಕೇಳುಗರು ತಲೆದೂಗ್ತಾರೆ. ನಾಟಕದಲ್ಲಿ ಹಾಗೆ ಮಾಡಿದರೆ ಕಥೆ ನಿಂತೇ ಹೋಗುತ್ತೆ. ಮಾತು ಸ್ಪಷ್ಟವಾಗಿ ತಲುಪಬೇಕು, ಕಥೆ ಮುಂದಕ್ಕೆ ಹೋಗಬೇಕು, ರಾಗದ ಭಾವವೂ ಕೆಡಬಾರದು. ಮೂರು ಷರತ್ತು, ಒಂದೇ ಡಿಸೈನ್. ಕನ್ನಡದ ಪದ್ಯದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಮೂರು, ನಾಲ್ಕು, ಐದರ ಗುಂಪು ಮಾಡಿದರೆ ಸಾಲು ತಾನೇ ತಾಳಕ್ಕೆ ಕೂರುತ್ತೆ. ಪು.ತಿ.ನ. ಈ ಲೆಕ್ಕ ಹಿಡಿದು, ಸಂದರ್ಭಕ್ಕೆ ತಕ್ಕ ರಾಗವನ್ನೂ ತಾವೇ ಗೊತ್ತು ಮಾಡಿದರು. ಇದ್ದ ರಾಗ ಸಾಲದು ಅನ್ನಿಸಿದಾಗ ಕೆಲವು ಹೊಸ ರಾಗಗಳನ್ನೂ ಕಲ್ಪಿಸಿದರು. ಕವಿ ಇಷ್ಟು ದೂರ ಹೋಗಿದ್ದು ನಮ್ಮಲ್ಲಿ ಅಪರೂಪ.

'ಗೋಕುಲ ನಿರ್ಗಮನ'ದ ಕಥೆ ಎಲ್ಲರಿಗೂ ಗೊತ್ತಿರೋದೇ. ಅಕ್ರೂರ ಬರುತ್ತಾನೆ, ಕೃಷ್ಣನನ್ನು ಮಥುರೆಗೆ ಕರೆಯುತ್ತಾನೆ. ಕೃಷ್ಣ ಹೊರಡುತ್ತಾನೆ, ಗೋಕುಲ, ರಾಧೆ, ಕೊಳಲು ಹಿಂದೆ ಉಳಿಯುತ್ತವೆ. ಮುಂದೆ ಅವನಿಗಿರುವುದು ರಾಜಕಾರಣ, ಯುದ್ಧ. ದೊಡ್ಡ ಕೆಲಸಕ್ಕೆ ಹೊರಟವನು ಸಂಗೀತವನ್ನು ಬಿಟ್ಟು ಹೋಗಬೇಕಾದ ಈ ನೋವನ್ನು ಬರೆದ ಮನುಷ್ಯ, ತಾನು ಮಾತ್ರ ದಿನವೂ ಕಚೇರಿಗೆ ಹೋಗಿ ಬಂದು ಸಂಗೀತವನ್ನು ಬಿಡದೆ ಉಳಿಸಿಕೊಂಡಿದ್ದ ಅನ್ನೋದನ್ನ ನೆನೆದರೆ ಒಂಥರಾ ಆಗುತ್ತೆ.

ಈ ದಾರಿಗೆ ಬೆಲೆಯನ್ನೂ ತೆರಬೇಕಾಯಿತು. ಕವನವಾದರೆ ಪುಸ್ತಕ ತೆರೆದು ಓದಿಕೊಂಡರಾಯಿತು. ಗೇಯನಾಟಕಕ್ಕೆ ಹಾಡೋರು ಬೇಕು, ನುಡಿಸೋರು ಬೇಕು, ರಂಗ ಬೇಕು. ಅದಿಲ್ಲದೆ ಪುಟದ ಮೇಲಿದ್ದರೆ, ಡ್ರಾಯಿಂಗ್ ಶೀಟಿನಲ್ಲೇ ಉಳಿದ ಯಂತ್ರದ ಹಾಗೆ. ತನ್ನ ಅತಿ ಪ್ರೀತಿಯ ಕೆಲಸ ಜೀವ ಪಡೆಯೋದು ಇನ್ನೊಬ್ಬರ ಕೈಯಲ್ಲಿದೆ ಅಂತ ಗೊತ್ತಿದ್ದೂ ಅವರು ಮತ್ತೆ ಮತ್ತೆ ಅದನ್ನೇ ಬರೆದರು. ವೈಣಿಕ ದೊರೆಸ್ವಾಮಿ ಅಯ್ಯಂಗಾರರಂಥ ದೊಡ್ಡ ಕಲಾವಿದರು ಸಂಗೀತದಿಂದ ಕೈಜೋಡಿಸಿದರು. ಬಿ.ವಿ.ಕಾರಂತರು 'ಗೋಕುಲ ನಿರ್ಗಮನ'ವನ್ನು ರಂಗಕ್ಕೆ ತಂದಾಗ ಹೊಸ ತಲೆಮಾರಿಗೂ ಅದು ಕೇಳಿಸಿತು.

ಮನ್ನಣೆ ನಿಧಾನವಾಗಿ ಬಂತು, ಆದರೆ ಬಂತು. 'ಹಂಸದಮಯಂತಿ ಮತ್ತು ಇತರ ರೂಪಕಗಳು' ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಅಂದರೆ ಪ್ರಶಸ್ತಿ ಸಿಕ್ಕಿದ್ದು ಹಾಡಿನ ನಾಟಕಗಳಿಗೇ! 1981ರಲ್ಲಿ ಚಿಕ್ಕಮಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1991ರಲ್ಲಿ ಪದ್ಮಶ್ರೀ. ಇಳಿವಯಸ್ಸಿನಲ್ಲಿ ಬರೆದ 'ಶ್ರೀಹರಿಚರಿತೆ' ಮಹಾಕಾವ್ಯಕ್ಕೆ ಪಂಪ ಪ್ರಶಸ್ತಿ. 1998ರ ಅಕ್ಟೋಬರ್ 13ರಂದು ತೀರಿಕೊಂಡಾಗ ಅವರಿಗೆ 93 ವರ್ಷ.

ಮೇಲುಕೋಟೆಗೆ ಟ್ರಿಪ್ ಹೋಗ್ತೀವಿ, ಪುಳಿಯೋಗರೆ ತಿಂತೀವಿ, ಕಲ್ಯಾಣಿ ಮುಂದೆ ಸೆಲ್ಫಿ ತಗೋತೀವಿ. ಮುಂದಿನ ಸಲ ಅಲ್ಲೇ ಸ್ಮಾರಕವಾಗಿರುವ ಪು.ತಿ.ನ. ಮನೆಯನ್ನೂ ನೋಡಿ ಬನ್ನಿ. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ನಮ್ಮ ಕನ್ನಡ ಸಂಘದಲ್ಲಿ ಹಾಡೋರಿದ್ದಾರೆ, ಕೀಬೋರ್ಡ್ ನುಡಿಸೋರಿದ್ದಾರೆ, ನಾಟಕದ ಹುಚ್ಚಿನೋರೂ ಇದ್ದಾರೆ. ಲೈಬ್ರರಿಯಿಂದ 'ಗೋಕುಲ ನಿರ್ಗಮನ' ತಂದು ಒಂದು ಸಂಜೆ ಒಟ್ಟಿಗೆ ಕೂತು ಒಂದು ದೃಶ್ಯ ಹಾಡಿ ನೋಡೋಣ. ಶ್ರುತಿ ಅಲ್ಲಲ್ಲಿ ತಪ್ಪಿದರೂ ಪರವಾಗಿಲ್ಲ.