ನರ್ಸ್ ಕೆಲಸಕ್ಕೆ ಪುಣೆಯಲ್ಲಿ ಮಾನ ತಂದವರು: ರಮಾಬಾಯಿ ರಾನಡೆ

ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರಿಗೆ ಆಪರೇಷನ್ ಆಗಿ, ಪುಣೆಯ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆವು. ನಾಲ್ಕನೆಯ ರಾತ್ರಿ ಅವರ ಉಸಿರಾಟದಲ್ಲಿ ವ್ಯತ್ಯಾಸವಾದದ್ದನ್ನು ಮೊದಲು ಗಮನಿಸಿದವರು ವಾರ್ಡಿನ ಹಿರಿಯ ಸಿಸ್ಟರ್. ಡಾಕ್ಟರನ್ನು ಕೂಡಲೇ ಕರೆಸಿದವರೂ ಅವರೇ. ಡಿಸ್ಚಾರ್ಜ್ ದಿನ ನಾವು ಡಾಕ್ಟರಿಗೆ ಧಾರವಾಡ ಪೇಡೆ ಕೊಟ್ಟು ಕೈ ಮುಗಿದೆವು. ಸಿಸ್ಟರ ಹೆಸರನ್ನು ಮಾತ್ರ ಕೇಳಲೇ ಇಲ್ಲ. ಆ ಮರೆವು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಗೆಳತಿಯರೇ, ನಾವಿರುವ ಈ ಊರಿನಲ್ಲಿ ನರ್ಸ್ ಕೆಲಸಕ್ಕೆ ಮಾನ ತರಲು ದುಡಿದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯಬೇಕೆನಿಸಿತು.

ರಮಾಬಾಯಿ ಹುಟ್ಟಿದ್ದು 1862ರಲ್ಲಿ, ಇಂದಿನ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ಕುರ್ಲೇಕರ್ ಮನೆತನದಲ್ಲಿ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ರೂಢಿ ಆ ಮನೆಯಲ್ಲಿರಲಿಲ್ಲ. 1873ರಲ್ಲಿ, ಹನ್ನೊಂದರ ವಯಸ್ಸಿಗೆ, ಮಹಾದೇವ ಗೋವಿಂದ ರಾನಡೆ ಅವರೊಂದಿಗೆ ಮದುವೆಯಾಯಿತು. ರಾನಡೆ ನ್ಯಾಯಾಧೀಶರು, ಸಮಾಜ ಸುಧಾರಕರು. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದರು. ವಿಧವಾ ವಿವಾಹವನ್ನು ಬೆಂಬಲಿಸುತ್ತಿದ್ದ ಅವರೇ ತಂದೆಯ ಹಟಕ್ಕೆ ಮಣಿದು ಪುಟ್ಟ ಹುಡುಗಿಯನ್ನು ಕೈಹಿಡಿದದ್ದನ್ನು ಜನ ಆಡಿಕೊಂಡರು. ಆದರೆ ಅವರು ಹೆಂಡತಿಗೆ ತಾವೇ ಮರಾಠಿ, ಗಣಿತ, ಭೂಗೋಳ, ಇಂಗ್ಲಿಷ್ ಕಲಿಸಿದರು.

ಕಲಿಕೆ ಸುಲಭವಾಗಿರಲಿಲ್ಲ. ಮನೆಯ ಹಿರಿಯ ಹೆಂಗಸರಿಗೆ ಇದು ಸಹಿಸಲಿಲ್ಲ. ಕೊಂಕು ಮಾತು, ಮುನಿಸು ದಿನನಿತ್ಯದ್ದಾಯಿತು. ರಮಾಬಾಯಿ ಎದುರು ಮಾತಾಡಲಿಲ್ಲ, ಪುಸ್ತಕವನ್ನೂ ಬಿಡಲಿಲ್ಲ. ಮುಂದೆ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಹೈಸ್ಕೂಲ್ ಬೇಕೆಂಬ ಬೇಡಿಕೆಯನ್ನು ಗವರ್ನರ್ ಎದುರು ಇಂಗ್ಲಿಷಿನಲ್ಲಿ ಓದಿದವರು ಅವರೇ. ಹುಜೂರ್‌ಪಾಗಾ ಎಂದು ನಾವೆಲ್ಲ ಕರೆಯುವ ಶಾಲೆ ಆರಂಭವಾದದ್ದು 1884ರಲ್ಲಿ.

1901ರ ಜನವರಿ 16ರಂದು ರಾನಡೆ ತೀರಿಕೊಂಡರು. ಮೂವತ್ತೆಂಟು ಮೂವತ್ತೊಂಬತ್ತರ ವಯಸ್ಸು, ಮಕ್ಕಳಿಲ್ಲ. ಆ ಕಾಲದಲ್ಲಿ ಮೇಲ್ಜಾತಿಯ ವಿಧವೆಯ ಪಾಡು ನಮ್ಮ ಅಜ್ಜಿಯಂದಿರ ಬಾಯಲ್ಲಿ ಕೇಳಿದ್ದೇವಲ್ಲ: ತಲೆ ಬೋಳು, ಕೆಂಪು ಸೀರೆ, ಅಡುಗೆಮನೆಯ ಮೂಲೆ. ರಮಾಬಾಯಿ ಒಂದು ವರ್ಷ ಯಾರೊಂದಿಗೂ ಬೆರೆಯದೆ ಇದ್ದು, ಆಮೇಲೆ ಹೊರಗೆ ಬಂದರು. ಸೆರೆಮನೆಯ ಹೆಣ್ಣು ಕೈದಿಗಳನ್ನು, ಆಸ್ಪತ್ರೆಯ ರೋಗಿಗಳನ್ನು ನೋಡಲು ಹೋಗತೊಡಗಿದರು. ಹೋಗುವಾಗ ಹಣ್ಣು, ಹೂವು, ಪುಸ್ತಕ ಒಯ್ಯುತ್ತಿದ್ದರು.

1908ರಲ್ಲಿ ಬೆಹ್ರಾಮ್‌ಜಿ ಮಲಬಾರಿ ಮತ್ತು ದಯಾರಾಮ್ ಗಿಡುಮಲ್ ಅವರೊಂದಿಗೆ ಸೇರಿ ಮುಂಬೈಯಲ್ಲಿ ಸೇವಾಸದನ ಕಟ್ಟಿದರು. ಭಾರತೀಯ ಹೆಂಗಸರಿಗೆ ನರ್ಸಿಂಗ್ ಕಲಿಸುವುದೂ ಅದರ ಉದ್ದೇಶಗಳಲ್ಲೊಂದು. ಮರುವರ್ಷ ಪುಣೆಯ ಸೇವಾಸದನ ಶುರುವಾಯಿತು. ಅದರ ವಿದ್ಯಾರ್ಥಿನಿಯರು ತರಬೇತಿಗೆ ಹೋದದ್ದು ನಮ್ಮ ರೈಲ್ವೆ ಸ್ಟೇಷನ್ ಹತ್ತಿರದ ಸಸೂನ್ ಆಸ್ಪತ್ರೆಗೆ.

ಇಂದು ಇದು ಸಾಮಾನ್ಯ ಸಂಗತಿ. ಅಂದು ಅದಕ್ಕೆ ಎಷ್ಟು ಧೈರ್ಯ ಬೇಕಿತ್ತೆಂದು ಯೋಚಿಸಿ. ಎಲ್ಲ ಜಾತಿಯವರ ಮೈ ಮುಟ್ಟಬೇಕು, ರಕ್ತ ಕೀವು ಒರೆಸಬೇಕು, ಪರಗಂಡಸರಿಗೆ ಔಷಧಿ ಕೊಡಬೇಕು, ರಾತ್ರಿ ಪಾಳಿ ಮಾಡಬೇಕು. ಮಡಿ ಮೈಲಿಗೆಯ ಮನೆಗಳಲ್ಲಿ ಇದು ಹೀನ ಕೆಲಸ. ಹೆಣ್ಣುಮಕ್ಕಳನ್ನು ಕಳಿಸುವವರು ಯಾರು? ನ್ಯಾಯಮೂರ್ತಿ ರಾನಡೆಯವರ ಪತ್ನಿಯೇ ಮುಂದೆ ನಿಂತಾಗ ಮನೆಯವರ ಮನಸ್ಸು ಸ್ವಲ್ಪ ಸ್ವಲ್ಪ ಕರಗಿತು. ನರ್ಸಿಂಗ್ ಕಲಿಯುವವರಿಗೆಂದೇ ಸೇವಾಸದನ ಪ್ರತ್ಯೇಕ ಹಾಸ್ಟೆಲ್ ನಡೆಸಿತು. ದಣಿದು ಬಂದವರಿಗೆ ಊಟ, ಆಸರೆ, ಕೇಳುವವರು ಇದ್ದರು.

ಒಂದು ಸಲ ಸೇವಾಸದನದ ವಾರ್ಷಿಕೋತ್ಸವದಲ್ಲಿ ತಲೆ ಬೋಳಿಸಿದ ವಿಧವೆಯೊಬ್ಬಳು ಬಹುಮಾನ ಪಡೆಯಲು ವೇದಿಕೆ ಹತ್ತಿದಳು. ಕಿಕ್ಕಿರಿದ ಸಭೆಯಲ್ಲಿ ವಿದ್ಯಾರ್ಥಿಗಳು ಕೂಗಿ ಗೇಲಿ ಮಾಡಿದರು. ರಮಾಬಾಯಿಗೆ ತುಂಬ ನೋವಾಯಿತು. ಕೊನೆಯಲ್ಲಿ ಅವರು ಎದ್ದು ನಿಂತು, ಕಾಲೇಜು ಓದಿಯೂ ಇಂಥ ನಡತೆಯಾದರೆ ನಿಮ್ಮನ್ನು ವಿದ್ಯಾವಂತರೆಂದು ಹೇಗೆ ಕರೆಯುವುದೆಂದು ಕೇಳಿದರು. ಅಕ್ಕನೋ ಅತ್ತೆಯೋ ಹೀಗೆ ಬಾಳುತ್ತಿರುವ ಮನೆ ನಿಮ್ಮದೂ ಆಗಿರಬಹುದಲ್ಲವೇ ಎಂದು ನೆನಪಿಸಿದರು. ಸಭೆ ತಣ್ಣಗಾಯಿತು. ತನ್ನ ಹುಡುಗಿಯರು ಅವಮಾನಗೊಂಡಾಗ ಎದುರು ಬಂದು ನಿಲ್ಲುವುದು, ನನ್ನ ಪ್ರಕಾರ, ನಾಯಕತ್ವದ ಮೊದಲ ಪಾಠ.

1924ರಲ್ಲಿ ರಮಾಬಾಯಿ ತೀರಿಕೊಂಡಾಗ ಪುಣೆ ಸೇವಾಸದನದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಕಲಿಯುತ್ತಿದ್ದರು. 1962ರಲ್ಲಿ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದಿತು. ಕನ್ನಡಿಗರು ಬಹಳವಿರುವ ಸೊಲ್ಲಾಪುರದಲ್ಲೂ ಸೇವಾಸದನ ಬೇರೂರಿತು.

1973ರಿಂದ ನಮ್ಮ ದೇಶ ಶ್ರೇಷ್ಠ ನರ್ಸುಗಳಿಗೆ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ರಾಷ್ಟ್ರೀಯ ಪ್ರಶಸ್ತಿ ಕೊಡುತ್ತಿದೆ. ಅದು ಕೆಲವರಿಗಷ್ಟೇ ಸಿಗುವ ಗೌರವ. ಉಳಿದವರಿಗೆ ಗೌರವ ಸಿಗಬೇಕಾದದ್ದು ನಮ್ಮಿಂದ. ಮೇ 12ರ ನರ್ಸುಗಳ ದಿನಕ್ಕೆ ಕಾಯಬೇಕಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸಿಸ್ಟರ ಹೆಸರು ಕೇಳೋಣ, ಆ ಹೆಸರು ಹಿಡಿದು ಧನ್ಯವಾದ ಹೇಳೋಣ, ಅವರ ಕೆಲಸ ಮೆಚ್ಚಿ ಆಸ್ಪತ್ರೆಗೆ ನಾಲ್ಕು ಸಾಲು ಬರೆದು ಕೊಡೋಣ. ನಾನು ತಪ್ಪಿಸಿಕೊಂಡ ಅವಕಾಶ ನಿಮಗೆ ತಪ್ಪದಿರಲಿ.