ಬಿಸಿ ಗಾಳಿಗೆ ಜಾಗ ಜಾಸ್ತಿ ಬೇಕು: ಜಾಕ್ ಚಾರ್ಲ್ಸ್ ಕಥೆ

ಪಿಯುಸಿಯಲ್ಲಿ ಚಾರ್ಲ್ಸ್ ನಿಯಮ ಓದದೇ ಇರೋರು ನಮ್ಮ ಕಾಲೇಜಲ್ಲಿ ಯಾರೂ ಇಲ್ಲ. ಒತ್ತಡ ಬದಲಾಗದಿದ್ದರೆ, ಅನಿಲ ಬಿಸಿಯಾದಷ್ಟೂ ಅದರ ಗಾತ್ರ ಹೆಚ್ಚುತ್ತೆ. ಒಂದು ಗ್ರಾಫ್, ಎರಡು ಪ್ರಾಬ್ಲಮ್, ಅಷ್ಟೇ. ಸಿಇಟಿ ಮುಗಿದ ಮೇಲೆ ನಾವೂ ಮರೆತುಬಿಟ್ಟಿದ್ದೆವು. ಅದು ಮತ್ತೆ ನೆನಪಾಗಿದ್ದು ಈ ಏಪ್ರಿಲ್‌ನಲ್ಲಿ, ಶಿರಾಡಿ ಘಾಟಿ ಹತ್ತುವಾಗ.

ಧರ್ಮಸ್ಥಳದಿಂದ ವಾಪಸ್ ಬರ್ತಾ ಇದ್ದೆವು. ಐದು ಜನ, ಗೆಳೆಯನ ಹಳೇ ಪೆಟ್ರೋಲ್ ಕಾರು, ಮಟಮಟ ಮಧ್ಯಾಹ್ನ. ಗುಂಡ್ಯ ದಾಟಿ ಲಾರಿಗಳ ಹಿಂದೆ ನಿಧಾನವಾಗಿ ಹತ್ತಿ ದೋಣಿಗಾಲ್ ಹತ್ತಿರ ಬರುವಷ್ಟರಲ್ಲಿ ಗಾಡಿಗೆ ಉಸಿರೇ ಇಲ್ಲ. ಸೆಕೆಂಡ್ ಗೇರಲ್ಲೂ ಎಳೀತಿಲ್ಲ, ಜೊತೆಗೆ ಇಂಜಿನ್‌ನಿಂದ ಟಕಟಕ ಅಂತ ನಾಕಿಂಗ್ ಸದ್ದು. ಹೇಗೋ ಸಕಲೇಶಪುರದ ಒಂದು ಗ್ಯಾರೇಜ್ ತಲುಪಿದೆವು. ಅಲ್ಲಿನ ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಿ, ಏರ್ ಫಿಲ್ಟರ್ ಪೈಪ್ ಮುಟ್ಟಿದವರೇ ಕೈ ಹಿಂದಕ್ಕೆ ತೆಗೆದುಕೊಂಡರು. ತಪ್ಪು ನಮ್ಮದೇ. ಶೋಕಿಗೆ ಅಂತ ಗಾಡಿಯ ಜೊತೆ ಬಂದಿದ್ದ ಫಿಲ್ಟರ್ ಬಾಕ್ಸ್ ಕಿತ್ತು, ಓಪನ್ ಕೋನ್ ಫಿಲ್ಟರ್ ಹಾಕಿಸಿದ್ದೆವು. ಅದು ಎಕ್ಸಾಸ್ಟ್ ಪಕ್ಕದಲ್ಲೇ ಕೂತು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೀತಿತ್ತು. ಬಿಸಿ ಗಾಳಿ ತೆಳ್ಳಗಿರುತ್ತೆ, ಅದರಿಂದ ಇಂಜಿನ್ ಹೊಟ್ಟೆ ತುಂಬಲ್ಲ ಅಂತ ಅಣ್ಣ ಒಂದೇ ಮಾತಲ್ಲಿ ಮುಗಿಸಿದರು.

ಅವರು ಹೇಳಿದ್ದು ಚಾರ್ಲ್ಸ್ ನಿಯಮವೇ ಅಲ್ವಾ! ಹಾಸ್ಟೆಲ್‌ಗೆ ಬಂದ ಮೇಲೆ ಈ ಚಾರ್ಲ್ಸ್ ಯಾರು ಅಂತ ಹುಡುಕಿ ಓದಲು ಕೂತೆವು.

ಜಾಕ್ ಚಾರ್ಲ್ಸ್ ಹುಟ್ಟಿದ್ದು 1746ರ ನವೆಂಬರ್ 12ರಂದು, ಫ್ರಾನ್ಸ್‌ನ ಬೋಜಾನ್ಸಿ ಎಂಬ ಊರಲ್ಲಿ. ಅಲ್ಲಿಯವರ ಬಾಯಲ್ಲಿ ಅವರ ಹೆಸರು ಶಾರ್ಲ್. ಮೊದಲು ಮಾಡಿದ್ದು ಪ್ಯಾರಿಸ್‌ನ ಹಣಕಾಸು ಇಲಾಖೆಯಲ್ಲಿ ಗುಮಾಸ್ತನ ಕೆಲಸ. ಗಣಿತದಲ್ಲಿ ದೊಡ್ಡ ಪಂಡಿತರೇನೂ ಅಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಅವರ ವಿದ್ಯುತ್ ಪ್ರಯೋಗಗಳಿಂದ ಹುಚ್ಚು ಹಿಡಿದು, ಭೌತಶಾಸ್ತ್ರ ಕಲಿತು, ಜನರ ಮುಂದೆ ಪ್ರಯೋಗ ಮಾಡಿ ತೋರಿಸುತ್ತಾ ಹೆಸರು ಮಾಡಿದರು.

ಆಮೇಲೆ ಬಂತು 1783. ಇತ್ತ ನಮ್ಮಲ್ಲಿ ಹೈದರಾಲಿ ತೀರಿಕೊಂಡು ಟಿಪ್ಪು ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಕಾಲ. ಆ ಜೂನ್‌ನಲ್ಲಿ ಮಾಂಟ್‌ಗಾಲ್ಫಿಯರ್ ಸೋದರರು ಬಿಸಿ ಗಾಳಿಯ ಬಲೂನು ಹಾರಿಸಿದ್ದರು. ಚಾರ್ಲ್ಸ್ ಹಿಡಿದಿದ್ದು ಹೈಡ್ರೋಜನ್ ದಾರಿ. ರಾಬರ್ಟ್ ಸೋದರರು ರೇಷ್ಮೆ ಬಟ್ಟೆಗೆ ಟರ್ಪೆಂಟೈನ್‌ನಲ್ಲಿ ಕರಗಿಸಿದ ರಬ್ಬರ್ ಬಳಿದು ಬಲೂನು ಮಾಡಿಕೊಟ್ಟರು. ಸುಮಾರು ಅರ್ಧ ಟನ್ ಕಬ್ಬಿಣದ ಚೂರಿಗೆ ಕಾಲು ಟನ್ ಗಂಧಕಾಮ್ಲ ಸುರಿದು, ಹುಟ್ಟಿದ ಹೈಡ್ರೋಜನ್ನನ್ನು ಸೀಸದ ಪೈಪಲ್ಲಿ ಬಲೂನಿಗೆ ಬಿಟ್ಟರು.

ತೊಂದರೆ ಆಗಿದ್ದು ಇಲ್ಲೇ. ಅನಿಲವನ್ನು ತಣ್ಣೀರಿನ ಮೂಲಕ ಹಾಯಿಸಿರಲಿಲ್ಲ, ಬಿಸಿಬಿಸಿಯಾಗೇ ಒಳಗೆ ಹೋಯ್ತು. ಬಲೂನು ತುಂಬಿತು ಅಂದುಕೊಳ್ಳುವಷ್ಟರಲ್ಲಿ ಒಳಗಿನ ಅನಿಲ ತಣ್ಣಗಾಗಿ ಕುಗ್ಗುತ್ತಿತ್ತು. ಮತ್ತೆ ತುಂಬು, ಮತ್ತೆ ಕುಗ್ಗು. ಇದನ್ನು ಓದಿದಾಗ ನಮಗೆ ನಮ್ಮ ಕೋನ್ ಫಿಲ್ಟರ್ ಕಣ್ಣ ಮುಂದೆ ಬಂತು. ಜಾಗ ಪೂರ್ತಿ ತುಂಬಿದ ಹಾಗೆ ಕಾಣುತ್ತೆ, ಆದರೆ ಒಳಗೆ ಮಾಲೇ ಕಡಿಮೆ!

ಕೊನೆಗೂ ಆಗಸ್ಟ್ 27ರಂದು ಪ್ಯಾರಿಸ್‌ನಲ್ಲಿ ಬಲೂನು ಹಾರಿತು. ನೋಡಲು ಬಂದ ಜನರಲ್ಲಿ ಫ್ರಾಂಕ್ಲಿನ್ ಕೂಡ ಇದ್ದರು. ಮುಕ್ಕಾಲು ಗಂಟೆ ಹಾರಿ ಗೊನೆಸ್ ಎಂಬ ಹಳ್ಳಿಯಲ್ಲಿ ಬಿತ್ತು. ಯಾವುದೋ ಭೂತ ಅಂತ ಹೆದರಿದ ಹಳ್ಳಿಯವರು ಅದನ್ನು ಚುಚ್ಚಿ ಹರಿದುಹಾಕಿದರು. ಡಿಸೆಂಬರ್ 1ರಂದು ಇನ್ನೂ ದೊಡ್ಡ ಬಲೂನಲ್ಲಿ ಚಾರ್ಲ್ಸ್ ಮತ್ತು ನಿಕೊಲಾ ಲೂಯಿ ರಾಬರ್ಟ್ ತಾವೇ ಹಾರಿದರು. ಎರಡು ಗಂಟೆ, ಸುಮಾರು 36 ಕಿಲೋಮೀಟರ್. ಇಳಿದ ಮೇಲೆ ಚಾರ್ಲ್ಸ್ ಒಬ್ಬರೇ ಮತ್ತೆ ಹಾರಿ ಸುಮಾರು 3,000 ಮೀಟರ್ ಮೇಲೆ ಹೋದರು. ಅಂದರೆ ನಮ್ಮ ಮುಳ್ಳಯ್ಯನಗಿರಿಯ ಒಂದೂವರೆ ಪಟ್ಟು. ಕೆಳಗೆ ಮುಳುಗಿದ್ದ ಸೂರ್ಯ ಮೇಲೆ ಮತ್ತೆ ಕಾಣಿಸಿದ. ಆದರೆ ಕಿವಿ ನೋವು ತಡೆಯಲಾಗದೆ ಇಳಿದರು. ಮತ್ತೆ ಯಾವತ್ತೂ ಹಾರಲಿಲ್ಲ.

ಸುಮಾರು 1787ರಲ್ಲಿ ಬೇರೆಬೇರೆ ಅನಿಲಗಳನ್ನು ಒಂದೇ ಅಳತೆಗೆ ತುಂಬಿ, ಒಂದೇ ಮಟ್ಟಕ್ಕೆ ಬಿಸಿ ಮಾಡಿ ನೋಡಿದರು. ಎಲ್ಲವೂ ಒಂದೇ ಸಮ ಹಿಗ್ಗಿದವು. ಇಷ್ಟು ದೊಡ್ಡ ವಿಷಯ ಗೊತ್ತಾದರೂ ಅವರು ಅದನ್ನು ಎಲ್ಲೂ ಪ್ರಕಟಿಸಲೇ ಇಲ್ಲ. 1802ರಲ್ಲಿ ಗೇ-ಲುಸಾಕ್ ಎಂಬ ಯುವಕ ಇದನ್ನೇ ಇನ್ನಷ್ಟು ನಿಖರವಾಗಿ ಅಳೆದು ಪ್ರಕಟಿಸಿದರು. ಆಗ ಅವರ ವಯಸ್ಸು 23. ಚಾರ್ಲ್ಸ್ ಹದಿನೈದು ವರ್ಷ ಮೊದಲೇ ಇದನ್ನು ಕಂಡಿದ್ದರು ಅಂತ ಅದರಲ್ಲೇ ಬರೆದರು. ಆ ಸಾಲು ಇಲ್ಲದಿದ್ದರೆ ನಮ್ಮ ಪುಸ್ತಕದಲ್ಲಿ ಚಾರ್ಲ್ಸ್ ಹೆಸರು ಇರುತ್ತಿತ್ತೋ ಇಲ್ಲವೋ. 1823ರ ಏಪ್ರಿಲ್ 7ರಂದು ಚಾರ್ಲ್ಸ್ ತೀರಿಕೊಂಡರು. ಬೆಂಜ್ ಕಾರು ಬರಲು ಇನ್ನೂ 60 ವರ್ಷಕ್ಕೂ ಹೆಚ್ಚು ಬಾಕಿ ಇತ್ತು.

ಈಗ ಲೆಕ್ಕ ಹಾಕೋಣ. ಒಳಗೆ ಹೋಗುವ ಗಾಳಿ 27 ಡಿಗ್ರಿ ಬದಲು 57 ಡಿಗ್ರಿ ಇದ್ದರೆ, ಕೆಲ್ವಿನ್‌ನಲ್ಲಿ 300 ಹೋಗಿ 330. ಅದೇ ಜಾಗದಲ್ಲಿ ಗಾಳಿ ಸುಮಾರು ಶೇಕಡಾ 9 ಕಡಿಮೆ. ಆಮ್ಲಜನಕ ಕಡಿಮೆ, ಹಾಗಾಗಿ ಪವರ್ ಕಡಿಮೆ. ಬಿಸಿ ಜಾಸ್ತಿ, ಹಾಗಾಗಿ ನಾಕಿಂಗ್. ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡವೇ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಬೆಟ್ಟ ಕಸಿದುಕೊಳ್ಳೋದನ್ನು ನಾವು ತಡೆಯೋಕಾಗಲ್ಲ, ಬಾನೆಟ್ ಕಸಿದುಕೊಳ್ಳೋದನ್ನು ತಡೀಬಹುದು. ಹಳೇ ಮುಚ್ಚಿದ ಫಿಲ್ಟರ್ ಬಾಕ್ಸ್ ವಾಪಸ್ ಹಾಕಿದೆವು. ಮುಂದಿನ ಗ್ರಿಲ್ ಹಿಂದಿನಿಂದ ಹೊರಗಿನ ಗಾಳಿ ತರುವ ಪೈಪ್ ಜೋಡಿಸಿದೆವು. ಎಕ್ಸಾಸ್ಟ್‌ಗೂ ಬಾಕ್ಸ್‌ಗೂ ನಡುವೆ ಒಂದು ಅಲ್ಯೂಮಿನಿಯಂ ತಗಡು. ಟರ್ಬೊ ಕಾರುಗಳಲ್ಲಿ ಒತ್ತಿದ ಗಾಳಿ ಬಿಸಿಯಾಗುತ್ತೆ, ಅದನ್ನು ಇಂಟರ್‌ಕೂಲರ್ ತಣ್ಣಗೆ ಮಾಡುತ್ತೆ. ಚಾರ್ಲ್ಸ್ ಅವರ ಸೀಸದ ಪೈಪಿಗೆ ಬೇಕಾಗಿದ್ದೂ ಅದೇ.

ಇದನ್ನೇ ನಮ್ಮ ಮಿನಿ ಪ್ರಾಜೆಕ್ಟ್ ಮಾಡಿಕೊಂಡೆವು. ರಿಪೋರ್ಟ್‌ನ ಮೊದಲ ಡ್ರಾಫ್ಟ್‌ನಲ್ಲಿ ಸಮಸ್ಯೆ ಕಂಡುಹಿಡಿದವರು ನಾವೇ ಅಂತ ಬರೆದಿದ್ದೆವು. ಗೇ-ಲುಸಾಕ್ ಕಥೆ ಓದಿದ ಮೇಲೆ ಆ ಪುಟ ನೋಡಿದರೆ ನಾಚಿಕೆ ಆಯ್ತು. ಮುಂದಿನ ಭಾನುವಾರ ಅದೇ ಐದು ಜನ ಆಲೂರು ದಾಟಿ, ಏರುದಾರಿಗಳಲ್ಲಿ ಗಾಡಿ ಪರೀಕ್ಷೆ ಮಾಡುತ್ತಾ ಮಂಜರಾಬಾದ್ ಕೋಟೆ ತನಕ ಹೋದೆವು. ಗಾಡಿ ಚೆನ್ನಾಗೇ ಎಳೆಯಿತು. ದಾರಿಯಲ್ಲಿ ಗ್ಯಾರೇಜ್‌ಗೆ ಹೋಗಿ, ಹೆಸರು ಹಾಕಬಹುದಾ ಅಂತ ಅಣ್ಣನನ್ನು ಕೇಳಿದೆವು. ಇದಕ್ಕೆಲ್ಲ ಹೆಸರು ಯಾಕೆ ಅಂತ ನಕ್ಕರು, ಆಮೇಲೆ ಇನಿಷಿಯಲ್ ಸಮೇತ ಸರಿಯಾಗಿ ಬರೆಸಿದರು. ಈಗ ರಿಪೋರ್ಟ್‌ನ ಮೊದಲ ಪುಟದಲ್ಲೇ ಅವರ ಹೆಸರಿದೆ. ವೈವಾ ಮಾತ್ರ ಇನ್ನೂ ಬಾಕಿ.